ಡೈಪರ್ ಒಣಗಿದೆ ಅಂತ ಖುಷಿಪಟ್ಟೆವು

2025ರ ಏಪ್ರಿಲ್ ಕೊನೆ. ಮಗನ ಮುಡಿ ಕೊಡಬೇಕೆಂದು ದಾವಣಗೆರೆಯಿಂದ ತಿರುಪತಿಗೆ ಕಾರಿನಲ್ಲಿ ಹೊರಟೆವು. ನಾನು, ಹೆಂಡತಿ, ಅವ್ವ, ಐದು ವರ್ಷದ ಮಗಳು, ಒಂದು ವರ್ಷ ನಾಲ್ಕು ತಿಂಗಳ ಮಗ. ತಿರುಪತಿ ತಲುಪಲಿಲ್ಲ. ಅವತ್ತು ರಾತ್ರಿ ಚಿತ್ರದುರ್ಗದ ಆಸ್ಪತ್ರೆಯೊಂದರಲ್ಲಿ, ಡ್ರಿಪ್ ಹಾಕಿದ್ದ ಮಗನ ಪುಟ್ಟ ಕೈ ಅಲುಗಾಡದ ಹಾಗೆ ಹಿಡಿದುಕೊಂಡು ಕೂತಿದ್ದೆವು. ಬೇಸಿಗೆ ರಜೆಯಲ್ಲಿ ಎಷ್ಟೋ ಜನ ಹೀಗೇ ಹೊರಡುತ್ತೀರಿ. ಅದಕ್ಕೇ ಏನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಹಿಂದಿನ ರಾತ್ರಿಯೇ ಮಗನಿಗೆ ಎರಡು ಸಲ ನೀರಾಗಿ ಭೇದಿ ಆಗಿತ್ತು. "ಹಲ್ಲು ಬರ್ತಾ ಇದಾವಲ್ಲಪ್ಪ, ಹಂಗೇ ಆಗುತ್ತೆ" ಅಂದಳು ಅವ್ವ. ನನಗೂ ಆ ಮಾತೇ ಬೇಕಾಗಿತ್ತು. ಮರುದಿನ ಬೆಳಿಗ್ಗೆಗೆ 300 ರೂಪಾಯಿಯ ದರ್ಶನದ ಟಿಕೆಟ್ ಸಿಕ್ಕಿತ್ತು. ರೂಮು ಬುಕ್ ಆಗಿತ್ತು. ದಾವಣಗೆರೆಯಿಂದ ಬೆಂಗಳೂರಿಗೇ ಸುಮಾರು 260 ಕಿಲೋಮೀಟರ್, ಅಲ್ಲಿಂದ ತಿರುಪತಿಗೆ ಹೆಚ್ಚುಕಮ್ಮಿ ಇನ್ನೊಂದು 250. ಬೆಳಗಿನ ಜಾವ ಹೊರಡಬೇಕಿದ್ದವರು ಮಗನನ್ನು ಸುಧಾರಿಸಿ, ಮಗಳು ಹಟ ಮಾಡಿದಳೆಂದು ಬೆಣ್ಣೆ ದೋಸೆ ತಿಂದು, ಊರು ಬಿಡುವಾಗ ಹತ್ತೂವರೆ. ತಡವಾಯಿತಲ್ಲ ಅನ್ನೋದು ಆಗಲೇ ನನ್ನ ತಲೆಯಲ್ಲಿ ಕೂತಿತ್ತು.

ಆನಗೋಡು ದಾಟುವಷ್ಟರಲ್ಲಿ ಮಗ ವಾಂತಿ ಮಾಡಿಕೊಂಡ. ಭರಮಸಾಗರದ ಹತ್ತಿರ ಇನ್ನೊಂದು ಸಲ. "ಗಾಡಿ ಆಗಿಬರಲ್ಲ ಅನ್ಸುತ್ತೆ" ಅಂದುಕೊಂಡೆವು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಅಪರೂಪ ಅಂತ ಆಮೇಲೆ ಡಾಕ್ಟರ್ ಹೇಳಿದರು. ಅದು ಜಾಸ್ತಿ ಕಾಡುವುದು ಎರಡರಿಂದ ಹನ್ನೆರಡು ವರ್ಷದವರನ್ನಂತೆ. ಹಲ್ಲು ಬರುವಾಗಲೂ ಅಷ್ಟೇ, ಒಸಡು ನೋಯಬಹುದು, ಜೊಲ್ಲು ಸುರಿಯಬಹುದು, ಅದರಿಂದ ಭೇದಿ ಆಗಲ್ಲ. ಆ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಹಾಗಾಗಿ ಹೊಟ್ಟೆಗೆ ಸೋಂಕು ತಗಲುತ್ತದೆ.

ಹೆಂಡತಿ ನೀರು ಕುಡಿಸಲು ಹೋದಳು. ನಾನೇ ತಡೆದೆ. "ಈಗ ಬೇಡ, ಮತ್ತೆ ವಾಂತಿ ಮಾಡ್ತಾನೆ." ಈ ಮಾತನ್ನು ನೆನೆಸಿಕೊಂಡರೆ ಇವತ್ತಿಗೂ ಸಂಕಟವಾಗುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೊಂದು ಚಮಚದಂತೆ ನಿಧಾನಕ್ಕೆ ಕುಡಿಸುತ್ತಲೇ ಇರಬೇಕಿತ್ತು. ಒಮ್ಮೆಗೇ ಗಟಗಟ ಕುಡಿಸಿದರೆ ವಾಂತಿ ಬರುತ್ತದೆ, ಚಮಚದಲ್ಲಿ ಕೊಟ್ಟರೆ ಬಹಳಷ್ಟು ಹೊಟ್ಟೆಯಲ್ಲಿ ಉಳಿಯುತ್ತದೆ. ನನಗೆ ಇದು ಗೊತ್ತಿರಲಿಲ್ಲ.

ಹನ್ನೆರಡು ದಾಟಿದ ಮೇಲೆ ಚಿತ್ರದುರ್ಗದ ಬಳಿ ಊಟಕ್ಕೆ ನಿಲ್ಲಿಸಿದೆವು. ಹೆಂಡತಿ ಡೈಪರ್ ಮುಟ್ಟಿ ನೋಡಿ, "ಒಣಗೇ ಇದೆ ರೀ, ಬದಲಾಯಿಸೋದು ಬೇಡ" ಅಂದಳು. ಭೇದಿ ನಿಂತಿತು ಅಂತ ಎಲ್ಲರಿಗೂ ಸಮಾಧಾನ. ಅವ್ವ ಅಲ್ಲೇ ತಿಮ್ಮಪ್ಪನಿಗೆ ಕೈಮುಗಿದಳು. ಆ ಡೈಪರ್ ಹಾಕಿದ್ದು ಬೆಳಿಗ್ಗೆ ಏಳಕ್ಕೆ. ಐದು ತಾಸಿನಿಂದ ಮಗು ಒಂದು ಹನಿ ಉಚ್ಚೆ ಹೊಯ್ದಿಲ್ಲ ಅನ್ನುವುದು ನಾಲ್ಕು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮೈಯಲ್ಲಿ ನೀರು ಕಡಿಮೆಯಾದರೆ ದೇಹ ಮೊದಲು ಮಾಡುವ ಕೆಲಸವೇ ಉಚ್ಚೆಯನ್ನು ತಡೆಹಿಡಿಯುವುದು. ಹತ್ತು ಕೆಜಿ ತೂಕದ ಮಗುವಿನ ಮೈಯಿಂದ ಅರ್ಧ ಲೀಟರ್ ನೀರು ಹೋದರೂ ಸಾಕು, ನಿರ್ಜಲೀಕರಣ ಶುರುವಾಗುತ್ತದೆ. ನಮ್ಮ ಒಂದು ಚಿಕ್ಕ ನೀರಿನ ಬಾಟಲಿಯಷ್ಟು.

ಊಟ ಮಾಡಿದ ಜಾಗದ ಪಕ್ಕದ ಅಂಗಡಿಯಲ್ಲಿ, ಭೇದಿಯಾದಾಗ ಮೈಗೆ ನೀರು, ಉಪ್ಪು ತುಂಬಿಕೊಡುವ ಓಆರ್‌ಎಸ್ ಕೇಳಿದೆ. ಸೇಬಿನ ಚಿತ್ರ ಇರುವ, ಸ್ಟ್ರಾ ಅಂಟಿಸಿದ ಡಬ್ಬಿ ಕೊಟ್ಟರು. ಹೆಸರಿನಲ್ಲೇ ಓಆರ್‌ಎಸ್ ಇತ್ತು. ಮಗ ಇಷ್ಟಪಟ್ಟು ಪೂರ್ತಿ ಹೀರಿದ. ಕುಡಿದನಲ್ಲ, ಇನ್ನು ಸರಿ ಹೋಗುತ್ತಾನೆ ಅಂದುಕೊಂಡು ಗಾಡಿ ಹತ್ತಿದೆವು.

ಅದು ಓಆರ್‌ಎಸ್ ಆಗಿರಲಿಲ್ಲ, ಸಕ್ಕರೆ ನೀರು. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ವಿಶ್ವ ಆರೋಗ್ಯ ಸಂಸ್ಥೆಯ (ಡಬ್ಲ್ಯೂಎಚ್ಒ) ಸೂತ್ರದ ಪ್ರಕಾರ ಒಂದು ಲೀಟರ್ ಓಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಜೊತೆಗೆ ಅಳತೆ ಪ್ರಕಾರ ಉಪ್ಪು, ಪೊಟ್ಯಾಸಿಯಂ, ಸಿಟ್ರೇಟ್. ನಾವು ಕುಡಿಸಿದ ಡಬ್ಬಿಯಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅಷ್ಟು ಸಕ್ಕರೆ ಕರುಳಿಗೆ ಹೋದರೆ ಮೈಯಲ್ಲಿರುವ ನೀರನ್ನೇ ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ), ಈ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಕೂಡದು ಎಂದು ಆದೇಶಿಸಿತು. ನಮ್ಮ ಪ್ರಯಾಣ ಅದಕ್ಕಿಂತ ಆರು ತಿಂಗಳ ಮುಂಚೆ. ಆದೇಶ ಬಂದಿದೆ ಅಂತ ಈಗಲೂ ನಿಶ್ಚಿಂತೆಯಿಂದ ಇರಬೇಡಿ. ಔಷಧಿ ಅಂಗಡಿಯಲ್ಲೇ ಕೇಳಿ, ಡಬ್ಲ್ಯೂಎಚ್ಒ ಸೂತ್ರ ಎಂದು ಬರೆದಿರುವುದನ್ನು ನೋಡಿಯೇ ತೆಗೆದುಕೊಳ್ಳಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಪುಡಿಯ ಪ್ಯಾಕೆಟ್ ಪುಕ್ಕಟೆ ಸಿಗುತ್ತದೆ.

ದುರ್ಗ ಬಿಟ್ಟ ಮೇಲೆ ಮಗ ಸುಮ್ಮನಾದ. ಗುಡ್ಡದ ಮೇಲೆ ಗಾಳಿಯಂತ್ರಗಳು ಕಂಡಾಗ ಮಗಳು "ಫ್ಯಾನು, ಫ್ಯಾನು" ಅಂತ ಕೂಗಿದಳು. ಯಾವಾಗಲೂ ಅಕ್ಕನ ಜೊತೆ ಕುಣಿಯುವ ಮಗ ತಲೆಯನ್ನೂ ಎತ್ತಲಿಲ್ಲ. "ಪಾಪ, ಸುಸ್ತಾಗಿ ನಿದ್ದೆ ಹತ್ತಿದೆ" ಅಂದೆ. ಏಸಿ ಜೋರು ಮಾಡಿದೆ. ರಸ್ತೆ ಖಾಲಿ ಇತ್ತು. ಹಿಂದಿನ ಸೀಟು ಶಾಂತವಾಗಿದೆ, ತಡವಾಗಿದ್ದನ್ನು ಈಗ ಸರಿ ಮಾಡಿಕೊಳ್ಳಬಹುದು ಅಂತ ವೇಗ ಹೆಚ್ಚಿಸಿದೆ.

ಐಮಂಗಲ ದಾಟಿದ ಮೇಲೆ ಒಮ್ಮೆಗೇ ನೀರಿನಂತೆ ಭೇದಿಯಾಗಿ ಡೈಪರ್ ಮೀರಿ ಹೆಂಡತಿಯ ಸೀರೆಯೆಲ್ಲ ಒದ್ದೆಯಾಯಿತು. ಮಗ ಸಣ್ಣಗೆ ನರಳಿದ. ಆಗ ಮಗಳು ಹೇಳಿದಳು, "ಅಪ್ಪಾಜಿ, ಪುಟ್ಟ ಅಳ್ತಾ ಇದಾನೆ, ಕಣ್ಣೀರೇ ಬರ್ತಿಲ್ಲ."

ಗಾಡಿ ಪಕ್ಕಕ್ಕೆ ಹಾಕಿ ನೋಡಿದೆ. ಕಣ್ಣು ಗುಳಿ ಬಿದ್ದಿತ್ತು. ನಾಲಿಗೆ ಒಣಗಿ ಬಿಳಿಚಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದ. ಅದು ನಿದ್ದೆ ಆಗಿರಲಿಲ್ಲ. ದುರ್ಗದಲ್ಲಿ ಭಾವನಿಗೆ ಗೊತ್ತಿರುವ ಮಕ್ಕಳ ಡಾಕ್ಟರ್ ಒಬ್ಬರಿದ್ದರು. ಅವರಿಗೆ ಫೋನ್ ಮಾಡಿಸಿ ಗಾಡಿ ತಿರುಗಿಸಿದೆ. ವಾಪಸ್ ಹೋದ ಆ ಅರ್ಧ ತಾಸು ಹೇಗೆ ಕಳೆಯಿತೋ ನನಗೆ ನೆನಪಿಲ್ಲ. ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಸಹಾಯ ಸಿಗುತ್ತದೆ ಅನ್ನುವುದೂ ಆಗ ಗೊತ್ತಿರಲಿಲ್ಲ. 108 ಕೂಡ ಆ ಗಾಬರಿಯಲ್ಲಿ ನೆನಪಾಗಲಿಲ್ಲ.

ಡಾಕ್ಟರ್ ಮಗನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರು. ಮಡಿಕೆ ತಕ್ಷಣ ಇಳಿಯಲಿಲ್ಲ, ನಿಧಾನಕ್ಕೆ ಇಳಿಯಿತು. ಅವರು ಕೇಳಿದ ಮೊದಲ ಪ್ರಶ್ನೆ, "ಕೊನೇ ಸಲ ಉಚ್ಚೆ ಹೊಯ್ದಿದ್ದು ಯಾವಾಗ?" ಹೆಂಡತಿ ನನ್ನ ಮುಖ ನೋಡಿದಳು. ನಾನು ಅವ್ವನ ಮುಖ ನೋಡಿದೆ. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕೈಯಲ್ಲಿ ನರ ಸಿಗುವುದಕ್ಕೇ ಮೂರು ಸಲ ಚುಚ್ಚಬೇಕಾಯಿತು. ಎರಡು ರಾತ್ರಿ ಅಲ್ಲೇ ಇದ್ದೆವು. ಆಮೇಲೆ ಚಮಚದಲ್ಲಿ ಓಆರ್‌ಎಸ್, 14 ದಿನ ಝಿಂಕ್. ಹುಡುಗ ಚೇತರಿಸಿಕೊಂಡ.

ಹಲ್ಲು, ಗಾಡಿ, ಒಣ ಡೈಪರ್, ನಿದ್ದೆ. ಅವತ್ತು ನಾಲ್ಕೂ ಸಲ ನಾವು ತಪ್ಪು ತಿಳಿದೆವು. ನಾಲ್ಕೂ ಸಲ ಮುಂದಕ್ಕೆ ಹೋಗಲು ಅನುಕೂಲವಾಗುವ ಕಾರಣವನ್ನೇ ನಂಬಿದೆವು. ಮನೆಯಲ್ಲಿ ಇದ್ದಿದ್ದರೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗುತ್ತಿದ್ದೆವು, ಅಲ್ವಾ? ಟಿಕೆಟ್ಟು, ರೂಮು ಕಣ್ಣ ಮುಂದೆ ಇದ್ದುದರಿಂದ ಮಗುವಿನ ಮುಖ ಕಾಣಲಿಲ್ಲ. ಹೊರಡುವ ಹಿಂದಿನ ರಾತ್ರಿ ಮಗುವಿಗೆ ಭೇದಿ, ವಾಂತಿ ಆದರೆ ದಯವಿಟ್ಟು ಹೊರಡಬೇಡಿ. ಟಿಕೆಟ್ ದುಡ್ಡು ಹೋದರೆ ಹೋಗಲಿ.

ಈಗ ನಮ್ಮ ಕಾರಿನಲ್ಲಿ ಓಆರ್‌ಎಸ್ ಪುಡಿ, ಒಂದು ಲೀಟರ್ ಅಳತೆಯ ಬಾಟಲಿ, ಒಂದು ಚಮಚ ಯಾವಾಗಲೂ ಇರುತ್ತವೆ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಗೆ. ಮೇಲೆ ಬರೆದಿರುವುದನ್ನು ಓದಿ, ಅರ್ಧರ್ಧ ಮಾಡದೆ ಪೂರ್ತಿ ಪ್ಯಾಕೆಟ್ ಕಲಸಿ. ಕಲಸಿದ್ದನ್ನು 24 ತಾಸಿನೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ. ಎದೆಹಾಲು ನಿಲ್ಲಿಸಬೇಡಿ. ಕಣ್ಣೀರಿಲ್ಲದ ಅಳು, ಗುಳಿ ಬಿದ್ದ ಕಣ್ಣು, ಆರು ತಾಸು ಒಣಗಿದ ಡೈಪರ್, ಕರೆದರೆ ಓಗೊಡದ ಮಗು, ಇವುಗಳಲ್ಲಿ ಒಂದು ಕಂಡರೂ ಮುಂದಿನ ಊರಿಗೆ ಹೋಗಿ ನೋಡೋಣ ಅನ್ನಬೇಡಿ. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ ಹೋಗಿ.

ಮುಡಿಯನ್ನು ಈ ಜನವರಿಯಲ್ಲಿ ಕೊಟ್ಟು ಬಂದೆವು. ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿದು ಹೋದೆವು. ಹೋಗುವಾಗ ಎರಡು ತಾಸಿಗೊಮ್ಮೆ ನಿಲ್ಲಿಸುವುದು ಅಂತ ಮೊದಲೇ ಮಾತಾಗಿತ್ತು. ದುರ್ಗ ದಾಟಿ, ಐಮಂಗಲದ ಹತ್ತಿರ ಹೆಂಡತಿ ಏನೂ ಹೇಳದೆ ನನ್ನ ಭುಜ ಮುಟ್ಟಿದಳು. ನಿಲ್ಲಿಸಿದೆ. ಮಗನ ಡೈಪರ್ ನೋಡಿದೆವು. ಒದ್ದೆಯಾಗಿತ್ತು.