‘ತಿಥಿ’ ನೋಡಲಾ, ‘ಮೊಟ್ಟೆ’ ನೋಡಲಾ?

ಭಾನುವಾರ ಮಧ್ಯಾಹ್ನ. ಹೊರಗೆ ಕಲಬುರಗಿ ಬಿಸಿಲು, ಒಳಗೆ ಕೂಲರ್. ಒಂದೇ ಸಿನಿಮಾಕ್ಕೆ ಸಮಯವಿದ್ದರೆ ‘ತಿಥಿ’ಯೋ, ‘ಒಂದು ಮೊಟ್ಟೆಯ ಕಥೆ’ಯೋ?

ನನ್ನ ಓಟು ‘ತಿಥಿ’ಗೆ. 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ತಿಥಿಯವರೆಗಿನ ಕಥೆ. ಮೊಮ್ಮಗನಿಗೆ ಜಮೀನು ಮಾರುವ ಅವಸರ. ಮಗ ಗಡ್ಡಪ್ಪನಿಗೆ ಯಾವ ಚಿಂತೆಯೂ ಇಲ್ಲ, ಸುಮ್ನೆ ತಿರುಗುತ್ತಾನೆ. ನಟಿಸಿದವರು ಮಂಡ್ಯ ಕಡೆಯ ಹಳ್ಳಿಯ ಜನರೇ. ಆ ಕನ್ನಡ ನಮ್ಮ ಕಿವಿಗೆ ಮೊದಲ ಹತ್ತು ನಿಮಿಷ ಹತ್ತುವುದಿಲ್ಲ. ಆದರೆ ಹೊಲದ ಜಗಳ ಎಲ್ಲಾ ಕಡೆ ಒಂದೇ ಅಲ್ವಾ? ತೊಂದರೆ ಎಂದರೆ ಬೈಗುಳ ಜಾಸ್ತಿ. ಅವ್ವನ ಪಕ್ಕ ಕೂತು ನಾನು ರಿಮೋಟ್ ಹುಡುಕಾಡಿದ್ದೇನೆ.

ಮನೆಮಂದಿ ಎಲ್ಲ ಕೂತಿದ್ದರೆ 2017ರ ‘ಮೊಟ್ಟೆ’ಯೇ ಸರಿ. ರಾಜ್ ಬಿ. ಶೆಟ್ಟಿ ತಾವೇ ನಿರ್ದೇಶಿಸಿ, ಬೋಳುತಲೆಯ ಕನ್ನಡ ಮೇಷ್ಟ್ರಾಗಿದ್ದಾರೆ. ಹೆಣ್ಣು ಸಿಗದ ಪಾಡು, ಜೊತೆಗೆ ಡಾ. ರಾಜ್‌ಕುಮಾರ್ ಹುಚ್ಚು. ಮಂಗಳೂರು ಕನ್ನಡ ಬೇಗ ತಿಳಿಯುತ್ತದೆ. ನಡುವೆ ಸ್ವಲ್ಪ ಎಳೆದಿದ್ದಾರೆ ಅನ್ನಿ. ನಮ್ಮ ಕಾಕಾ ಮಾತ್ರ ತಲೆಗೆ ಟವೆಲ್ ಸುತ್ತಿಕೊಂಡು ಪೂರ್ತಿ ನೋಡಿದರು!