ಕೋಬಿ ಬ್ರಯಂಟ್, ಟಿಮ್ ಡಂಕನ್: ಮಗನಿಗೆ ಯಾರ ಆಟ ತೋರಿಸಲಿ?

ಇಬ್ಬರೂ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 5 ಸಲ ಚಾಂಪಿಯನ್. ಕೋಬಿ ಲೇಕರ್ಸ್ ತಂಡಕ್ಕೆ, ಡಂಕನ್ ಸ್ಪರ್ಸ್ ತಂಡಕ್ಕೆ ಕೊನೆತನಕ ಆಡಿ, 2016ರಲ್ಲೇ ನಿವೃತ್ತರಾದರು. ಹಾಗಾಗಿ ಗೆಲುವು ನೋಡಿ ಆರಿಸೋಕೆ ಆಗಲ್ಲ.

ಶುರುವಾದ ರೀತಿ ಮಾತ್ರ ಪೂರ್ತಿ ಬೇರೆ. ಕೋಬಿಯ ಅಪ್ಪನೇ ವೃತ್ತಿಪರ ಆಟಗಾರ. ಮಗ 1996ರಲ್ಲಿ ಹೈಸ್ಕೂಲ್ ಮುಗಿಸಿ ನೇರ ಎನ್‌ಬಿಎ ಸೇರಿದರು. ಡಂಕನ್ ಕೆರಿಬಿಯನ್‌ನ ಸೇಂಟ್ ಕ್ರೋಯ್ ದ್ವೀಪದ ಈಜುಗಾರ. 1989ರ ಹ್ಯೂಗೋ ಚಂಡಮಾರುತ ಅಲ್ಲಿನ ಈಜುಕೊಳವನ್ನೇ ಹಾಳುಮಾಡಿತು. ಬ್ಯಾಸ್ಕೆಟ್‌ಬಾಲ್ ಹಿಡಿದದ್ದು ಆಮೇಲೆ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ 4 ವರ್ಷ ಓದಿ, ಪದವಿ ಪಡೆದೇ 1997ರ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಬಂದರು. ಮೊದಲ ಆಯ್ಕೆ ಅವರೇ! ತಡವಾಗಿ ಆಟಕ್ಕಿಳಿದ ಮಕ್ಕಳಿಗೆ ಇದಕ್ಕಿಂತ ಧೈರ್ಯ ಬೇಕಾ?

ಆಟದಲ್ಲಿ, ಹಿಂದಕ್ಕೆ ವಾಲಿ ಜಿಗಿದು ಎಸೆಯುವ ಕೋಬಿಯ ಫೇಡ್‌ಅವೇ ನೋಡೋಕೆ ಬಲು ಚಂದ. ಕಲಿಯೋಕೆ ಕಷ್ಟ. ಕಾಲಲ್ಲಿ ಶಕ್ತಿ, ಗಾಳಿಯಲ್ಲಿ ಬ್ಯಾಲೆನ್ಸ್ ಎರಡೂ ಜಾಸ್ತಿ ಬೇಕು. ಡಂಕನ್ ಪಕ್ಕದ ಕೋನದಲ್ಲಿ ನಿಂತು, ಚೆಂಡನ್ನು ಬುಟ್ಟಿಯ ಹಿಂದಿನ ಬೋರ್ಡಿಗೆ ತಾಗಿಸಿ ಒಳಗೆ ಹಾಕುತ್ತಿದ್ದರು. ಶಾಲೆಯ ಕೋರ್ಟಿನಲ್ಲಿ ಒಬ್ಬನೇ ಅಭ್ಯಾಸ ಮಾಡಬಹುದಾದ ಎಸೆತ ಅದು.

ದುಡ್ಡಿನ ವಿಷಯದಲ್ಲೂ ದಾರಿ ಬೇರೆ. ಡಂಕನ್ 2012ರಲ್ಲಿ ಹಿಂದಿನದರ ಅರ್ಧಕ್ಕಿಂತ ಕಡಿಮೆ ಸಂಬಳಕ್ಕೆ ಒಪ್ಪಿದರು. 2014ರಲ್ಲಿ ತಂಡ ಮತ್ತೆ ಚಾಂಪಿಯನ್ ಆಯಿತು. ಕೋಬಿ ದೊಡ್ಡ ಸಂಬಳವನ್ನೇ ಪಡೆದರು. ತಪ್ಪೇನಿಲ್ಲ, ಆಟಗಾರರ ದುಡಿಮೆಯ ವರ್ಷಗಳೇ ಕಡಿಮೆ ಅಲ್ವಾ?

ಮಗ ಗಾರ್ಡ್ (ಹೆಚ್ಚಾಗಿ ಬುಟ್ಟಿಯಿಂದ ದೂರದಲ್ಲಿ ಚೆಂಡು ಹಿಡಿದು ಆಡಿಸುವ ಆಟಗಾರ) ಆಗಿ ಆಡ್ತಾ, ಚೆಂಡು ತನ್ನ ಕೈಲೇ ಇರಲಿ ಅನ್ನುವವನಾದರೆ ಕೋಬಿಯ ಪಂದ್ಯಗಳನ್ನು ಹಾಕಿಕೊಡಿ. ಎತ್ತರ ಇದ್ದು ಈಗಷ್ಟೇ ಕಲಿಯುತ್ತಿದ್ದರೆ, ಓದನ್ನೂ ಬಿಡಬಾರದು ಅಂತಿದ್ದರೆ, ನಾನು ಡಂಕನ್‌ರಿಂದಲೇ ಶುರು ಮಾಡಿಸುತ್ತೇನೆ.