ಕೇಂದ್ರ ಸಚಿವ ಸಂಪುಟದ ಗೋಡೆಪಟ: ಮೇಲಿನ ಸಾಲುಗಳಿಗೆ ಎರಡು ಸ್ಟಾರ್, ಕೆಳಗಿನ ಸಾಲಿಗೆ ನಾಲ್ಕು

ಮುನಿರಾಬಾದ್ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ ನಾನು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು ಬಿದ್ದಿದೆ, ಊರವರ ಬಾಯಲ್ಲಿ ಮಾತ್ರ ಇನ್ನೂ ಲೈಬ್ರರಿನೇ. ಸಂಜೆ ಐದಾದರೆ ಪಿಡಿಒ, ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರು ಹತ್ತು ಹನ್ನೆರಡು ಜನ ಬಂದು ಕೂತಿರುತ್ತಾರೆ. ಅವರ ಒತ್ತಾಯಕ್ಕೇ 2024ರ ಆಗಸ್ಟ್ ಮೊದಲ ವಾರ ಕೊಪ್ಪಳಕ್ಕೆ ಹೋಗಿ ಈ ಪಟ ತಂದದ್ದು. ಮೇಲೆ ಕೆಂಪಕ್ಷರದಲ್ಲಿ ‘ಕೇಂದ್ರ ಸಚಿವ ಸಂಪುಟ – 2024’ ಅಂತಿದೆ. ಮುದ್ರಕರ ಹೆಸರು ಬರೆಯುವುದಿಲ್ಲ, ಪಾಪ, ಅವರದ್ದೂ ಹೊಟ್ಟೆಪಾಡು. ಇಂಥ ಪಟ ಕೊಳ್ಳಬೇಕೆಂದಿರುವ ಮೇಷ್ಟ್ರುಗಳಿಗೆ, ನನ್ನಂಥ ಮೇಲ್ವಿಚಾರಕರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಪಟದ ಮೇಲಿನ ಬೆಲೆ 150, ಅಂಗಡಿಯವನು ಕೊಟ್ಟದ್ದು 110ಕ್ಕೆ. ಸುತ್ತಿ, ಹಳೇ ಪೇಪರ್ ಹೊದಿಸಿ, ಎರಡು ರಬ್ಬರ್ ಬ್ಯಾಂಡ್ ಹಾಕಿಕೊಟ್ಟ. ಬಸ್ಸಿನಲ್ಲಿ ಶಕ್ತಿ ಯೋಜನೆಯ ರಶ್ಶು. ಕಾಲಿಡಲು ಜಾಗ ಇಲ್ಲದ ಕಡೆ ಪಟಕ್ಕೆಲ್ಲಿ ಜಾಗ? ಊರು ಮುಟ್ಟುವಷ್ಟರಲ್ಲಿ ಮೂರನೇ ಸಾಲಿನ ಮಂತ್ರಿಗಳ ಮೂಗಿನ ಮೇಲೆ ಅಡ್ಡಕ್ಕೊಂದು ಮಡಿಕೆ ಬಿದ್ದಿತ್ತು, ಅದು ಇವತ್ತಿಗೂ ಹೋಗಿಲ್ಲ. ಹಾಗೆಂದು ಲ್ಯಾಮಿನೇಷನ್ ಕೆಟ್ಟದ್ದೇನಲ್ಲ. ಎರಡು ಮಳೆಗಾಲ ತಡೆದಿದೆ, ಬಣ್ಣ ಬಿಟ್ಟಿಲ್ಲ. ಜ್ಞಾನಪೀಠದವರ ಪಟಕ್ಕೂ ರಸಾಯನಶಾಸ್ತ್ರದ ಆವರ್ತ ಕೋಷ್ಟಕಕ್ಕೂ ನಡುವೆ ಮೊಳೆ ಹೊಡೆದು ನೇತುಹಾಕಿದ್ದೇನೆ.

ಇನ್ನು ಒಳಗಿನ ವಿಷಯ. ಮೊದಲ ತಪ್ಪು ಶೀರ್ಷಿಕೆಯಲ್ಲೇ. ಪಟದಲ್ಲಿರುವ ಫೋಟೋ 72. 2024ರ ಜೂನ್ 9ರಂದು ಪ್ರಮಾಣವಚನ ತಗೊಂಡವರು ಪ್ರಧಾನಿಯವರೂ ಸೇರಿ ಅಷ್ಟೇ ಮಂದಿ, ಆ ಲೆಕ್ಕ ಸರಿ. ಆದರೆ 72 ಜನರೂ ‘ಸಂಪುಟ’ ಅಲ್ಲ. ಪ್ರಧಾನಿ ಮತ್ತು ಸಂಪುಟ ದರ್ಜೆಯ 30 ಮಂದಿ, ಇಷ್ಟೇ ಸಂಪುಟ. ಉಳಿದ 5 ಮಂದಿ ಸ್ವತಂತ್ರ ಹೊಣೆಯ ರಾಜ್ಯ ಸಚಿವರು, 36 ಮಂದಿ ಬರೀ ರಾಜ್ಯ ಸಚಿವರು. ಎಲ್ಲರೂ ಸೇರಿದರೆ ಮಂತ್ರಿ ಮಂಡಲ. ಸಂವಿಧಾನದ 74 ಮತ್ತು 75ನೇ ವಿಧಿ ಹೇಳುವುದು ಈ ಮಂತ್ರಿ ಮಂಡಲದ ಬಗ್ಗೆ. ‘ಸಂಪುಟ’ ಎಂಬ ಪದ ಸಂವಿಧಾನದಲ್ಲಿ ಬರುವುದು 352ನೇ ವಿಧಿಯಲ್ಲಿ, ತುರ್ತು ಪರಿಸ್ಥಿತಿಯ ವಿಷಯಕ್ಕೆ. ಅದೂ 1978ರ 44ನೇ ತಿದ್ದುಪಡಿಯಿಂದ ಸೇರಿದ್ದು. ಈ ಒಂದು ಪ್ರಶ್ನೆಗೆ ನಮ್ಮ ಹುಡುಗರು ಮಾಕ್ ಟೆಸ್ಟಿನಲ್ಲಿ ಅಂಕ ಕಳಕೊಂಡು ಬಂದು, ‘ಅಕ್ಕಾ, ಗ್ವಾಡಿ ಮ್ಯಾಲೆ ಹಂಗ ಐತಲ್ಲ’ ಅಂತ ನನ್ನನ್ನೇ ಹಿಡಕೊಂಡರು. ಮಾರ್ಕರ್ ಪೆನ್ನು ತಗೊಂಡು ಶೀರ್ಷಿಕೆ ತಿದ್ದಿದೆ.

ಎರಡನೇದು ತಪ್ಪು ಅನ್ನಲಾಗದು, ಕನ್ನಡದ ಗ್ರಹಚಾರ. ‘ರಾಜ್ಯ ಸಚಿವ’ ಅಂದರೆ ನಮ್ಮ ಜನಕ್ಕೆ ಬೆಂಗಳೂರಿನ ವಿಧಾನಸೌಧದ ಮಂತ್ರಿ. ದಿನಾ ಪೇಪರ್ ಓದಲು ಬರುವ ಒಬ್ಬ ಅಜ್ಜನವರು ಪಟದ ಮುಂದೆ ನಿಂತು, ‘ಯವ್ವಾ, ಸೋಮಣ್ಣ ಡೆಲ್ಲಿಗೆ ಹೋದ ಅಂದ್ರು, ಇಲ್ಲಿ ನೋಡಿದ್ರ ರಾಜ್ಯ ಸಚಿವ ಅಂತ ಹಾಕ್ಯಾರ. ಹೋಗ್ಯಾನೋ ಇಲ್ಲೋ?’ ಅಂದರು. ಅವರ ತಪ್ಪೇನಿದೆ? ವಿ. ಸೋಮಣ್ಣ ಇಲ್ಲಿ ವಸತಿ ಸಚಿವರಾಗಿದ್ದವರು, ಶೋಭಾ ಕರಂದ್ಲಾಜೆ ಇಲ್ಲಿ ಇಂಧನ ಸಚಿವೆಯಾಗಿದ್ದವರು. ಈಗ ಸೋಮಣ್ಣನವರಿಗೆ ಜಲಶಕ್ತಿ ಮತ್ತು ರೈಲ್ವೆ, ಶೋಭಾ ಅವರಿಗೆ ಸಣ್ಣ ಕೈಗಾರಿಕೆ ಮತ್ತು ಕಾರ್ಮಿಕ ಖಾತೆ. ಆ ಖಾತೆಗಳಿಗೆ ಅವರ ಮೇಲೊಬ್ಬ ಸಂಪುಟ ದರ್ಜೆಯ ಸಚಿವರು ಇರುತ್ತಾರೆ. ‘ಹಂಗಾರ ಇವ್ರು ಉಪಾಧ್ಯಕ್ಷರಿದ್ದಂಗ’ ಅಂದರು ಅಜ್ಜ. ಪೂರ್ತಿ ಸರಿಯಲ್ಲ, ಪೂರ್ತಿ ತಪ್ಪೂ ಅಲ್ಲ, ಬಿಟ್ಟೆ. ಅವರ ಮುಂದಿನ ಪ್ರಶ್ನೆ ನಮ್ಮ ಎಂಪಿ ಫೋಟೋ ಎಲ್ಲಿ ಅಂತ. ನಮ್ಮ ಕೊಪ್ಪಳದ ಎಂಪಿ ವಿರೋಧ ಪಕ್ಷದವರು, ಈ ಪಟದಲ್ಲಿ ಇರುವುದಿಲ್ಲ ಅಂದಾಗ ಅವರಿಗೆ ಪಟದ ಮೇಲಿನ ಆಸಕ್ತಿಯೇ ಅರ್ಧ ಇಳಿಯಿತು.

ನಿಜವಾಗಿ ಸಿಟ್ಟು ಬಂದದ್ದು ಮೂರನೇ ತಪ್ಪಿಗೆ. ಪ್ರಲ್ಹಾದ ಜೋಶಿಯವರ ಫೋಟೋ ಕೆಳಗೆ ‘ಸಂಸದೀಯ ವ್ಯವಹಾರ, ಕಲ್ಲಿದ್ದಲು, ಗಣಿ’ ಅಂತಿದೆ. ಎರಡು ಸಾಲು ಕೆಳಗೆ ಜಿ. ಕಿಶನ್ ರೆಡ್ಡಿಯವರ ಫೋಟೋಕ್ಕೂ ‘ಕಲ್ಲಿದ್ದಲು, ಗಣಿ’. ಒಂದು ಕುರ್ಚಿಗೆ ಇಬ್ಬರು! 2019ರ ಹಳೇ ಪಟದ ಸಾಲನ್ನೇ ಎತ್ತಿ ಇಲ್ಲಿ ಅಂಟಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ. 2024ರಲ್ಲಿ ಜೋಶಿಯವರಿಗೆ ಬಂದದ್ದು ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ, ಅದರ ಜೊತೆ ನವೀಕರಿಸಬಹುದಾದ ಇಂಧನ. ಅಂದರೆ ನಮ್ಮ ನ್ಯಾಯಬೆಲೆ ಅಂಗಡಿಗೆ ಕೇಂದ್ರದಿಂದ ಬರುವ ತಲೆಗೆ ಐದು ಕಿಲೋ ಧಾನ್ಯದ ಖಾತೆ. ಊರಲ್ಲಿ ಯಾವ ಖಾತೆ ಯಾರಿಗಿದ್ದರೇನು ಅನ್ನುವವರೂ ಕೇಳುವ ಒಂದೇ ಖಾತೆ ಅದು, ಅದನ್ನೇ ತಪ್ಪು ಹಾಕಿದ್ದಾರೆ.

ಇದರ ಬೆನ್ನಿಗೇ ಇನ್ನೊಂದು. ‘ಅಧೀನ ಸಂಸ್ಥೆಗಳು’ ಅಂತ ಒಂದು ಪಟ್ಟಿಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಂಡಿಸಿಯನ್ನು ಗಣಿ ಸಚಿವಾಲಯದ ಕೆಳಗೆ ಕೂರಿಸಿದ್ದಾರೆ. ಅಗೆಯುವುದು ಅದಿರು, ಹೆಸರಲ್ಲೇ ಖನಿಜ ಇದೆ, ಹಾಗಾಗಿ ಗಣಿ ಅಂದುಕೊಂಡಿರಬೇಕು. ಸಂಡೂರಿನ ದೋಣಿಮಲೈಯಲ್ಲಿ ಅದಿರು ತೆಗೆಯುವ ಆ ಕಂಪನಿ ಇರುವುದು ಉಕ್ಕು ಸಚಿವಾಲಯದ ಕೆಳಗೆ, ಅಂದರೆ ಎಚ್.ಡಿ. ಕುಮಾರಸ್ವಾಮಿಯವರ ಖಾತೆಗೆ. ನನ್ನ ತಂಗಿಯ ಗಂಡ ಆ ಕಡೆ ಲಾರಿ ಓಡಿಸುತ್ತಾನೆ, ಅವನೇ ಪಟ ನೋಡಿ ನಕ್ಕದ್ದು. ಬಳ್ಳಾರಿ, ಕೊಪ್ಪಳದ ಅಂಗಡಿಗಳಲ್ಲಿ ಮಾರುವ ಪಟದಲ್ಲಿ ಇಷ್ಟಾದರೂ ಸರಿ ಇರಬೇಡವೇ?

ಇಷ್ಟು ಬೈದ ಮೇಲೆ ನಾಲ್ಕು ಸ್ಟಾರಿನ ವಿಷಯಕ್ಕೆ ಬರುತ್ತೇನೆ. ಪಟದ ಕೆಳಗಡೆ, ಗೇಣುದ್ದದ ಒಂದು ಸಾಲು ಇದೆ. ಅದರಲ್ಲಿ ಫೋಟೋ ಇಲ್ಲ, ಬರೀ ಹೆಸರು: ಸಂಪುಟ ಕಾರ್ಯದರ್ಶಿ, ಗೃಹ ಕಾರ್ಯದರ್ಶಿ, ವಿದೇಶಾಂಗ ಕಾರ್ಯದರ್ಶಿ, ರಕ್ಷಣಾ ಕಾರ್ಯದರ್ಶಿ. ಪಕ್ಕದಲ್ಲಿ ಒಂದು ಕಡತ ಸಂಪುಟದವರೆಗೆ ಹೇಗೆ ಹೋಗುತ್ತದೆ ಅಂತ ಬಾಣ ಹಾಕಿ ತೋರಿಸಿದ ಚಿತ್ರ. ಅಂಗಡಿಯಲ್ಲಿ ನನ್ನ ಕಣ್ಣಿಗೂ ಅದು ಬಿದ್ದಿರಲಿಲ್ಲ.

‘ಕಾರ್ಯದರ್ಶಿ’ ಅಂದರೆ ನಮ್ಮ ಊರಿಗೆ ಪಂಚಾಯಿತಿ ಸೆಕ್ರೆಟರಿ. ನೀರಿನ ಕರ ಕೇಳಲು ಬರುವವರು. ದೇಶಕ್ಕೂ ಒಬ್ಬ ಕಾರ್ಯದರ್ಶಿ ಇದ್ದಾರೆ, ಪ್ರಧಾನಿ ಅಧ್ಯಕ್ಷತೆಯ ಸಭೆಗೆ ವಿಷಯಪಟ್ಟಿ ಸಿದ್ಧಮಾಡಿ ನಡಾವಳಿ ಬರೆಸುವುದು ಅವರ ಕಚೇರಿ ಅಂದರೆ ಹುಡುಗರಿಗೆ ತಟ್ಟನೆ ಹತ್ತಿತು. ಯಾಕೆಂದರೆ ನಡಾವಳಿ ಪುಸ್ತಕ ಅವರು ಪಕ್ಕದ ಕೋಣೆಯಲ್ಲೇ ನೋಡಿದ್ದಾರೆ. ಬಾಣದ ಚಿತ್ರವೂ ಅಚ್ಚುಕಟ್ಟು. ಸಚಿವಾಲಯದಲ್ಲಿ ಟಿಪ್ಪಣಿ ಸಿದ್ಧವಾಗುತ್ತದೆ. ಸಂಬಂಧಪಟ್ಟ ಬೇರೆ ಸಚಿವಾಲಯಗಳ ಅಭಿಪ್ರಾಯ ಕೇಳಬೇಕು, ದುಡ್ಡಿನ ವಿಷಯವಾದರೆ ಹಣಕಾಸಿನವರನ್ನು ತಪ್ಪಿಸುವಂತಿಲ್ಲ. ಖಾತೆಯ ಸಚಿವರು ಒಪ್ಪಬೇಕು. ಆಮೇಲೆ ಸಂಪುಟ ಸಚಿವಾಲಯ, ಆಮೇಲೆ ಸಭೆ. ಇದಕ್ಕೆಲ್ಲ 1961ರ ಕಾರ್ಯನಿರ್ವಹಣಾ ನಿಯಮಗಳಿವೆ. ಕೊನೆಗೆ ಆದೇಶ ಹೊರಡುವುದು ಮಂತ್ರಿಯ ಹೆಸರಲ್ಲೂ ಅಲ್ಲ, ಪ್ರಧಾನಿಯ ಹೆಸರಲ್ಲೂ ಅಲ್ಲ, 77ನೇ ವಿಧಿಯಂತೆ ರಾಷ್ಟ್ರಪತಿಯವರ ಹೆಸರಲ್ಲಿ. ಟಿವಿಯವರು ‘ಮಂತ್ರಿ ಆದೇಶ ಹೊರಡಿಸಿದರು’ ಅಂದಾಗಲೆಲ್ಲ ನಮ್ಮ ಹುಡುಗಿಯೊಬ್ಬಳು ಈಗ ‘ಸುಳ್ಳು’ ಅಂತ ಕೂಗುತ್ತಾಳೆ. ಅವಳ ಮನೆಯಲ್ಲಿ ನನ್ನ ಮೇಲೆ ಸ್ವಲ್ಪ ಬೇಸರ ಇದೆ.

ಪಟ ತಂದು ವಾರವೂ ಆಗಿರಲಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು. ಮರುದಿನ ಭಾನುವಾರ. ಲೈಬ್ರರಿ ತುಂಬ ಜನ, ಯಾರೂ ಓದಲು ಬಂದವರಲ್ಲ. ಭತ್ತದ ನಾಟಿಗೆ ಸಾಲ ತಂದವರು, ಕಾಲುವೆ ಕೊನೆಯವರು. ಟಿವಿ ಒಂದು ಕಡೆ ಅರಚುತ್ತಿತ್ತು. ‘ಅಕ್ಕಾರ, ಈ ಡ್ಯಾಮು ಯಾರ ಕೈಯಾಗ ಐತ್ರಿ? ಬೆಂಗಳೂರಾ, ಡೆಲ್ಲಿಯಾ?’ ಅಂತ ಒಬ್ಬರು ಕೇಳಿದರು. ಎಲ್ಲರೂ ಪಟದ ಕಡೆ ತಿರುಗಿದರು. ಜಲಶಕ್ತಿ ಸಿಕ್ಕಿತು: ಸಿ.ಆರ್. ಪಾಟೀಲ್. ‘ಪಾಟೀಲ್ ಅಂದ್ರ ನಮ್ಮ ಕಡೇವ್ರೇ’ ಅಂತ ಒಬ್ಬರ ಮುಖ ಅರಳಿತು. ಗುಜರಾತಿನ ನವಸಾರಿಯವರು ಅಂದೆ, ಬಾಡಿತು. ಅಣೆಕಟ್ಟು ನೋಡಿಕೊಳ್ಳುವುದು ತುಂಗಭದ್ರಾ ಮಂಡಳಿ, 1953ರಲ್ಲಿ ಆದದ್ದು, ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ, ಮೂರು ರಾಜ್ಯಗಳ ಸದಸ್ಯರೂ ಅದರಲ್ಲಿದ್ದಾರೆ. ಇದಾವುದೂ ಪಟದಲ್ಲಿರಲಿಲ್ಲ. ಜಲಶಕ್ತಿಯ ಚೌಕದಿಂದ ಗೆರೆ ಎಳೆದು ಪಟದ ಅಂಚಿನಲ್ಲಿ ನಾನೇ ಪೆನ್ನಿನಿಂದ ಬರೆದೆ. ವಾರ ಕಳೆಯುವುದರೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಕೆಲವರು ಹೋಗಿ ನೋಡಿಯೂ ಬಂದರು. ನನ್ನ ಬರಹ ಮಾತ್ರ ಉಳಿದಿದೆ. ಲ್ಯಾಮಿನೇಷನ್ ಮೇಲೆ ಪರ್ಮನೆಂಟ್ ಮಾರ್ಕರೇ ಬೇಕು, ಬಾಲ್ ಪೆನ್ನು ಹಿಡಿಯುವುದಿಲ್ಲ, ಇದನ್ನೂ ಕೊಳ್ಳುವವರು ಗಮನಿಸಿ.

‘ಮಂತ್ರಿ ಬರ್ತಾನ, ಹೋಗ್ತಾನ, ಅಧಿಕಾರಿ ಇದ್ದಲ್ಲೇ ಇರ್ತಾನ’ ಅಂತ ನಮ್ಮ ಕಡೆ ಕಟ್ಟೆ ಮೇಲೆ ಕೂತವರೆಲ್ಲ ಹೇಳುತ್ತಾರೆ. ನನ್ನ ಗೋಡೆಯಲ್ಲಿ ಆದದ್ದು ಉಲ್ಟಾ. ಪಟದಲ್ಲಿ ವಿದೇಶಾಂಗ ಕಾರ್ಯದರ್ಶಿ ವಿನಯ್ ಕ್ವಾತ್ರಾ ಅಂತಿತ್ತು. ನಾನು ಕೊಳ್ಳುವ ಹೊತ್ತಿಗೇ ಅದು ಹಳತು, ಜುಲೈ 15ಕ್ಕೆ ವಿಕ್ರಮ್ ಮಿಸ್ರಿ ಬಂದಾಗಿತ್ತು. ಆಗಸ್ಟ್‌ನಲ್ಲಿ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಹೋಗಿ ಗೋವಿಂದ್ ಮೋಹನ್. ಅದೇ ತಿಂಗಳು 30ಕ್ಕೆ ಸಂಪುಟ ಕಾರ್ಯದರ್ಶಿ ರಾಜೀವ್ ಗೌಬಾ ಹೋಗಿ ಟಿ.ವಿ. ಸೋಮನಾಥನ್. ನವೆಂಬರ್ 1ಕ್ಕೆ ರಕ್ಷಣಾ ಕಾರ್ಯದರ್ಶಿ ಗಿರಿಧರ್ ಅರಮನೆ ಹೋಗಿ ರಾಜೇಶ್ ಕುಮಾರ್ ಸಿಂಗ್. ಮೂರೇ ತಿಂಗಳಲ್ಲಿ ಕೆಳಗಿನ ಸಾಲಿಗೆ ನಾಲ್ಕು ಚೀಟಿ ಅಂಟಿಸಿದೆ, ಮೇಲೆ ಆ ಮೂರು ತಿಂಗಳಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಗೌಬಾ, ಭಲ್ಲಾ ಇಬ್ಬರೂ ಐದೈದು ವರ್ಷ ಕೂತವರು ಅನ್ನುವುದನ್ನೂ ಹೇಳಬೇಕು. ಈ ಹುದ್ದೆಗಳಿಗೆ ನಿಗದಿ ಎರಡು ವರ್ಷ, ಮೇಲಿನದ್ದು ವಿಸ್ತರಣೆ. ನನ್ನ ಪಟ ಅವರನ್ನು ಕೊನೇ ಗಳಿಗೆಯಲ್ಲಿ ಹಿಡಿಯಿತು, ಅಷ್ಟೇ. ಆದರೆ ಒಂದೊಂದು ಚೀಟಿ ಅಂಟಿಸುವಾಗಲೂ ಹುಡುಗರು ಪೇಪರ್ ಹುಡುಕಿ ಹೆಸರು ತಂದರು. ಯಾವ ಮಾಕ್ ಟೆಸ್ಟೂ ಅವರನ್ನು ಅಷ್ಟು ಓದಿಸಿರಲಿಲ್ಲ. ಅದಕ್ಕೇ ನಾಲ್ಕು ಸ್ಟಾರ್.

ಮೇಲಿನ ಸಾಲು ಪೂರ್ತಿ ದಂಡ ಅಂತಲೂ ಅಲ್ಲ. ಕೇರಳದ ಜಾರ್ಜ್ ಕುರಿಯನ್, ಪಂಜಾಬಿನ ರವನೀತ್ ಸಿಂಗ್, ಈ ಇಬ್ಬರ ಹೆಸರಿನ ಮುಂದೆ ‘ಸದನ: –’ ಅಂತ ಖಾಲಿ ಬಿಟ್ಟಿದ್ದಾರೆ. ಎಂಪಿ ಅಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು ಅನ್ನುವುದನ್ನು ಆ ಗೀಟು ತೋರಿಸಿಯೇ ಪಾಠ ಮಾಡಿದೆ. ಇಬ್ಬರೂ ಆಮೇಲೆ ರಾಜ್ಯಸಭೆಗೆ ಬಂದರು. 1999ರಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಕನ್ನಡ ಕಲಿತು ಭಾಷಣ ಮಾಡಿ ಸೋತ ಸುಷ್ಮಾ ಸ್ವರಾಜ್ 2014ರಲ್ಲಿ ವಿದೇಶಾಂಗ ಸಚಿವೆ ಆದರು, ಗೆದ್ದ ಸೋನಿಯಾ ಗಾಂಧಿ ಬಳ್ಳಾರಿ ಬಿಟ್ಟು ಅಮೇಠಿ ಉಳಿಸಿಕೊಂಡರು. ಇದನ್ನು ನಮ್ಮ ಅಜ್ಜನವರು ಪಟ ನೋಡಿದಾಗಲೆಲ್ಲ ಒಮ್ಮೆ ಹೇಳಿಯೇ ತೀರುತ್ತಾರೆ. 2025ರ ಮೇನಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದು ಸೋಮಣ್ಣ ಹಸಿರು ನಿಶಾನೆ ತೋರಿಸಿದ ದಿನ ಅವರು ಪಟದ ಮುಂದೆ ನಿಂತು, ‘ಡೆಲ್ಲಿಗೆ ಹೋಗ್ಯಾನ ಬಿಡವ್ವ’ ಅಂತ ಒಪ್ಪಿಕೊಂಡರು.

ಹೋದ ತಿಂಗಳು ಹೊಸ ಆವೃತ್ತಿ ಬಂದಿದೆ ಅಂತ ಅಂಗಡಿಯವನು ಫೋನ್ ಮಾಡಿದ. ಹೋದೆ. ಮೇಜಿನ ಮೇಲೆ ಹಾಸಿ ತೋರಿಸಿದ. ಕಾಗದ ಇನ್ನೂ ದಪ್ಪ, ಜೋಶಿಯವರ ಖಾತೆ ಸರಿಯಾಗಿದೆ, ಫೋಟೋಗಳು ದೊಡ್ಡವಾಗಿವೆ. ಕೆಳಗೆ ನೋಡಿದೆ. ಕಾರ್ಯದರ್ಶಿಗಳ ಸಾಲೂ ಇಲ್ಲ, ಬಾಣದ ಚಿತ್ರವೂ ಇಲ್ಲ. ಆ ಜಾಗದಲ್ಲಿ ಒಂದು ಕೋಚಿಂಗ್ ಸೆಂಟರಿನ ಜಾಹೀರಾತು.

‘ಆ ಲೈನು ಎಲ್ಲಿ ಹೋತು?’ ಅಂದೆ.

‘ಅದು ಪದೇ ಪದೇ ಚೇಂಜ್ ಆಕ್ಕೊಂತ ಹೊಂಟಿತ್ತರಿ ಅಕ್ಕಾರ. ಕಂಪ್ಲೇಂಟ್ ಬರಾಕತ್ತಿದ್ವು, ತೆಗೆದು ಬಿಟ್ರು.’

ಒಂದು ಪರ್ಮನೆಂಟ್ ಮಾರ್ಕರ್ ಮಾತ್ರ ತಗೊಂಡು ಬಂದೆ. 20 ರೂಪಾಯಿ.